ಡಾಂಬರು ಬಿಟ್ಟು ಇಳಿಯುವ ಮುಂಚೆ ನೆಲದ ಗುಣ ತಿಳಿಯಿರಿ

ಒಂದು ಅಕ್ಟೋಬರ್‌ನಲ್ಲಿ ಹಿರಿಯೂರು ತಾಲ್ಲೂಕಿನ ಬಂಡಿದಾರಿಯೊಂದರಲ್ಲಿ ನನ್ನ ಗಾಡಿ ಹೂತುಕೊಂಡಿತು. ಹಿಂದಿನ ರಾತ್ರಿ ಮಳೆ ಬಂದಿತ್ತು. ಬೆಳಗ್ಗೆ ಒಳ್ಳೆ ಬಿಸಿಲು. ಮೇಲಿನ ಮಣ್ಣು ಒಣಗಿದ ಹಾಗೆ ಕಾಣುತ್ತಿತ್ತು. ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡುವ ವ್ಯವಸ್ಥೆ, ಇದೆಯಲ್ಲ ಎಂಬ ಧೈರ್ಯದಲ್ಲಿ ಇಳಿಸಿಬಿಟ್ಟೆ. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಎರೆಮಣ್ಣು, ಅಂದರೆ ಕಪ್ಪು ಜೇಡಿಮಣ್ಣು, ಟೈರಿಗೆ ಮೆತ್ತಿಕೊಂಡಿತು. ಹಲ್ಲುಗಳೆಲ್ಲ ಮುಚ್ಚಿ ನಾಲ್ಕೂ ಚಕ್ರ ಮಣ್ಣಿನ ಉಂಡೆಗಳಾದವು. ಆಮೇಲೆ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಗಾಡಿ ಇದ್ದಲ್ಲೇ ಇಳಿಯುತ್ತಾ ಹೋಯಿತು.

ಪಕ್ಕದ ಹೊಲದಿಂದ ಒಬ್ಬ ಅಜ್ಜ ಬಂದು ನೋಡಿದರು. ಬೈಯಲಿಲ್ಲ. "ತಮ್ಮಾ, ಇಳಿದು ನಾಕು ಹೆಜ್ಜೆ ನಡೆದಿದ್ರೆ ನಿನ್ನ ಚಪ್ಲಿನೇ ಹೇಳ್ತಿತ್ತಲ್ಲಪ್ಪ" ಅಂದರು. ಅವರ ಮಗ ಟ್ರಾಕ್ಟರ್ ತಂದು ಎಳೆಯುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ.

ಈಗ ದಾವಣಗೆರೆಯ ಗೆಳೆಯನೊಬ್ಬ ಜೀಪು ತಗೊಂಡಿದ್ದಾನೆ. ರಾಜಸ್ಥಾನದ ಜೈಸಲ್ಮೇರ್‌ಗೆ ಹೋಗೋಣ, ಮರಳುಗಾಡಿನಲ್ಲಿ ಓಡಿಸೋಣ ಅಂತ ಆಸೆ ಅವನಿಗೆ. ಹೋಗೋಣ, ಆದರೆ ಮೊದಲ ಸಲ ಡಾಂಬರು ಬಿಟ್ಟು ಇಳಿಯುವುದು ನಮ್ಮ ಚಿತ್ರದುರ್ಗದ ಬಯಲಲ್ಲೇ ಆಗಲಿ ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಸಲ ಹೋಗುವವರು ಗಾಡಿ, ಟೈರು, ಬಂಪರ್ ಬಗ್ಗೆ ತಿಂಗಳುಗಟ್ಟಲೆ ಯೋಚನೆ ಮಾಡುತ್ತಾರೆ. ನೆಲದ ಬಗ್ಗೆ ಹತ್ತು ನಿಮಿಷ ಕೂಡ ಯೋಚಿಸುವುದಿಲ್ಲ. ಹೂತುಕೊಂಡ ಗಾಡಿಗಳಲ್ಲಿ ಹೆಚ್ಚಿನವು ಹೂತುಕೊಳ್ಳುವುದು ಇದರಿಂದಲೇ ಅಂತ ನನ್ನ ನಂಬಿಕೆ.

ನಮ್ಮದು ಮರಳುಗಾಡಲ್ಲ, ಆದರೂ ಇಲ್ಲಿ ಕಲಿಯಬಹುದು

ಸಾಮಾನ್ಯವಾಗಿ ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ಜಾಗವನ್ನು ಮರುಭೂಮಿ ಅನ್ನುತ್ತಾರೆ. ಜೈಸಲ್ಮೇರ್ ಕಡೆ 200 ಮಿ.ಮೀ. ಆಸುಪಾಸು. ನಮ್ಮ ಚಳ್ಳಕೆರೆ, ಹಿರಿಯೂರು ಕಡೆ 500 ಮಿ.ಮೀ. ಆಸುಪಾಸು ಬೀಳುತ್ತದೆ. ಪಶ್ಚಿಮ ಘಟ್ಟ ಮೋಡಗಳನ್ನು ತಡೆದು ನಿಲ್ಲಿಸುವುದರಿಂದ ನಾವು ಮಳೆ ನೆರಳಿನಲ್ಲಿದ್ದೇವೆ. ಹೀಗಾಗಿ ನಮ್ಮದು ಅರೆ ಒಣ ಸೀಮೆ. ದಾವಣಗೆರೆ ಸುತ್ತ ಭದ್ರಾ ಕಾಲುವೆಯಿಂದ ಭತ್ತದ ಗದ್ದೆ ಹಸಿರಾಗಿದ್ದರೂ, ಅದೇ ಜಿಲ್ಲೆಯ ಜಗಳೂರಿಗೆ ಹೋದರೆ ಮತ್ತೆ ಒಣ ನೆಲ.

ಕಲಿಯುವವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ಒಂದೇ ದಿನದಲ್ಲಿ ನಾಲ್ಕೈದು ಥರದ ನೆಲ ಸಿಗುತ್ತದೆ. ಎರೆ, ಮಸಾರಿ (ಕೆಂಪು ನೆಲ), ಗರಸು (ಸಣ್ಣ ಕಲ್ಲು ಬೆರೆತ ನೆಲ), ಹಳ್ಳದ ಮರಳು, ಗುಡ್ಡದ ಕಲ್ಲು. ತಪ್ಪಾದರೆ ಎರಡು ಮೂರು ಕಿಲೋಮೀಟರ್ ನಡೆದರೆ ಒಂದು ಹಟ್ಟಿಯೋ, ಕುರಿ ಮೇಯಿಸುವವರೋ, ಬೋರ್‌ವೆಲ್ ಇರುವ ತೋಟವೋ ಸಿಗುತ್ತದೆ. ನಿಜವಾದ ಮರಳುಗಾಡಿನಲ್ಲಿ ಆ ಭರವಸೆ ಇಲ್ಲ.

ನೆಲ ಯಾರದು?

ಮಣ್ಣಿನ ವಿಚಾರಕ್ಕಿಂತ ಮೊದಲು ಇದು ಗೊತ್ತಾಗಬೇಕು. ಖಾಲಿ ಕಾಣುವ ನೆಲ ಯಾರದೂ ಅಲ್ಲ ಅಂದುಕೊಳ್ಳುವುದು ತಪ್ಪು. ನಮ್ಮ ಸೀಮೆಯಲ್ಲಿ ಯಾರದೂ ಅಲ್ಲದ ನೆಲವೇ ಇಲ್ಲ. ರೈತರ ಹೊಲ ಇರಬಹುದು, ಗೋಮಾಳ ಇರಬಹುದು, ಕಾವಲು (ದನ ಮೇಯಲು ಬಿಟ್ಟ ದೊಡ್ಡ ಹುಲ್ಲುಗಾವಲು) ಇರಬಹುದು, ಅರಣ್ಯ ಇರಬಹುದು. ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್ ಇದಕ್ಕೆ ತುಂಬಾ ಉಪಯೋಗಕ್ಕೆ ಬರುತ್ತದೆ. ನೀವು ನಿಂತಿರುವ ಜಾಗದ ಸರ್ವೆ ನಂಬರ್ ಅದರಲ್ಲಿ ಕಾಣುತ್ತದೆ. ಹೋಗಬೇಕೆಂದಿರುವ ದಾರಿಯನ್ನು ಮನೆಯಲ್ಲೇ ಕೂತು ಒಮ್ಮೆ ಅದರಲ್ಲಿ ನೋಡಿಕೊಳ್ಳಿ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಇದೆಯೋ ಇಲ್ಲವೋ ಅನ್ನುವುದೇ ಅರ್ಧ ಉತ್ತರ.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ವನ್ಯಜೀವಿ ಧಾಮ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳ (ನಾಲ್ಕು ಕೊಂಬಿನ ಹುಲ್ಲೆಗಳ) ಧಾಮ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ದಾರಿ ಬಿಟ್ಟು ಗಾಡಿ ಇಳಿಸುವುದು ಅಪರಾಧ. ಕರಡಿ, ಚಿರತೆ ಓಡಾಡುವ ಜಾಗ ಕೂಡ. ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಹೋಗುವ ಅಗಲವಾದ ಗರಸಿನ ದಾರಿ ದೂರದಿಂದ ಆಸೆ ಹುಟ್ಟಿಸುತ್ತದೆ. ಅವು ಕಂಪನಿಗಳ ಕೆಲಸದ ದಾರಿಗಳು. ಕೆಳಗೆ ಕಾವಲುಗಾರರನ್ನು ಕೇಳದೆ ಹತ್ತಬೇಡಿ.

ಚಳ್ಳಕೆರೆ ಕಡೆ ಹೋಗುವವರಿಗೆ ಇನ್ನೊಂದು ಮಾತು. ಕುದಾಪುರ, ಉಳ್ಳಾರ್ತಿ ಸುತ್ತಲಿನ ಅಮೃತಮಹಲ್ ಕಾವಲಿನ (ಆ ತಳಿಯ ದನಗಳಿಗೆ ಬಿಟ್ಟ ಹುಲ್ಲುಗಾವಲಿನ) ಸಾವಿರಾರು ಎಕರೆಯನ್ನು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಕೊಟ್ಟಿದ್ದಾರೆ. ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಹಳೆಯ ನಕ್ಷೆಯಲ್ಲಿ ನೇರವಾಗಿ ಹೋಗುವ ದಾರಿ ಈಗ ಗೋಡೆಗೆ ಹೋಗಿ ಮುಟ್ಟಬಹುದು. ಗೋಡೆ ಕಂಡರೆ ವಾಪಸ್ ತಿರುಗಿ. ಅಲ್ಲಿ ಡ್ರೋನ್ ಹಾರಿಸುವುದು, ಫೋಟೊ ತೆಗೆಯುವುದು ಬೇಡವೇ ಬೇಡ.

ಉಳಿದ ಕಾವಲಿನ ಬಗ್ಗೆ ನನ್ನ ಮನಸ್ಸಿನ ಮಾತು ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಅದು ಬರೀ ಒಣ ಹುಲ್ಲು. ಆದರೆ ಆ ಹುಲ್ಲನ್ನೇ ನಂಬಿ ಎಷ್ಟೋ ಹಟ್ಟಿಗಳ ದನ, ಕುರಿ ಬದುಕುತ್ತವೆ. ಮ್ಯಾಸಬೇಡ ಸಮುದಾಯದವರು ದೇವರಿಗೆ ಬಿಟ್ಟ ಎತ್ತುಗಳು ಮೇಯುವುದೂ ಇಂಥ ನೆಲದಲ್ಲೇ. ಗೌಜುಗ, ಟಿಟ್ಟಿಭದಂಥ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಗಾಡಿಯಲ್ಲಿ ಕೂತವರಿಗೆ ಅವು ಕಾಣುವುದೇ ಇಲ್ಲ. ಒಂದು ಸಲ ಒತ್ತಿದ ಟೈರಿನ ಜಾಡಿನಲ್ಲಿ ಮಳೆ ನೀರು ಹರಿದು ಕೊರಕಲಾಗುತ್ತದೆ. ಇರುವ ಬಂಡಿಜಾಡಿನಲ್ಲೇ ಹೋಗಿ. ಹೊಸ ಜಾಡು ಮಾಡಬೇಡಿ.

ನೆಲ ಎಂಥದು?

ಅಜ್ಜ ಹೇಳಿದ ಚಪ್ಪಲಿಯ ಪರೀಕ್ಷೆಗೆ ಬರೋಣ. ಅನುಮಾನ ಬಂದ ಕಡೆ ಗಾಡಿ ನಿಲ್ಲಿಸಿ, ಇಳಿದು, ಚಕ್ರ ಹೋಗುವ ಜಾಗದಲ್ಲೇ ನಡೆಯಿರಿ. ಹಿಮ್ಮಡಿಯಿಂದ ಜೋರಾಗಿ ಒತ್ತಿ. ಚಪ್ಪಲಿಗೆ ಮಣ್ಣು ಮೆತ್ತಿತೇ, ಹಿಮ್ಮಡಿ ಹೂತಿತೇ, ಕೆಳಗಿನಿಂದ ನೀರು ಜಿನುಗಿತೇ? ಮೂರರಲ್ಲಿ ಒಂದಾದರೂ ಹೌದಾದರೆ ಮೊದಲ ಸಲ ಹೋಗುವವರು ಅಲ್ಲಿಂದಲೇ ತಿರುಗಬೇಕು.

ಎರೆ ನೆಲ ಹೀಗೇಕೆ ಅಂಟುತ್ತದೆ ಎಂಬುದು ತಿಳಿದರೆ ಅದರ ಮೇಲೆ ಭಯವೂ ಗೌರವವೂ ಬರುತ್ತದೆ. ಅದರಲ್ಲಿರುವ ಜೇಡಿಯ ಕಣಗಳು ತೆಳುವಾದ ಹಾಳೆಗಳ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ನೀರು ಆ ಹಾಳೆಗಳ ನಡುವೆ ಸೇರಿಕೊಂಡು ಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ಒಂದಿಂಚು ಬಿಸಿಲಿಗೆ ಬೇಗ ಒಣಗುತ್ತದೆ. ಕೆಳಗೆ ಒದ್ದೆ ಹಾಗೇ ಉಳಿದಿರುತ್ತದೆ. ನಾನು ಮೋಸ ಹೋಗಿದ್ದು ಅಲ್ಲೇ. ಒಣ ಎರೆ ಡಾಂಬರಿನಷ್ಟೇ ಗಟ್ಟಿ. ಒಂದು ಹದ ಮಳೆ ಬಿದ್ದರೆ ಅದೇ ದಾರಿಯಲ್ಲಿ ಟ್ರಾಕ್ಟರೂ ಒದ್ದಾಡುತ್ತದೆ. ನಮ್ಮ ಕಡೆ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್, ಜುಲೈ ದಾಟಿತು, ಇನ್ನು ಮಳೆಗಾಲ ಮುಗಿಯಿತು ಅಂತ ಮಲೆನಾಡಿನ ಲೆಕ್ಕ ಹಾಕಿಕೊಂಡು ಬರುವವರು ಸಿಕ್ಕಿಬೀಳುತ್ತಾರೆ. ಡಿಸೆಂಬರ್ ನಡುವಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ನೆಲ ಒಣಗಿರುತ್ತದೆ, ಬಹಳ ಹೊಲಗಳಲ್ಲಿ ಶೇಂಗಾ ಕಿತ್ತಾಗಿರುತ್ತದೆ, ಬಿಸಿಲೂ ತಡೆಯಬಹುದು.

ಮಸಾರಿ ನೀರನ್ನು ಬೇಗ ಇಳಿಸಿಬಿಡುತ್ತದೆ. ಗರಸು ಇನ್ನೂ ಒಳ್ಳೆಯದು. ಮೊದಲ ಸಲಕ್ಕೆ ಮಸಾರಿ, ಗರಸಿನ ದಾರಿ ಆರಿಸಿಕೊಳ್ಳಿ. ಇಂಥ ಒಣ ದಾರಿಗೆ ಸಾಧಾರಣ ಟೂ ವ್ಹೀಲ್ ಡ್ರೈವ್ ಬೊಲೆರೊ ಕೂಡ ಸಾಕು.

ಹಳ್ಳದ ಮರಳಿನ ಕಥೆ ಬೇರೆ. ವೇದಾವತಿಯಲ್ಲಿ, ಸಣ್ಣ ಪುಟ್ಟ ಹಳ್ಳಗಳಲ್ಲಿ ವರ್ಷದ ಬಹುಪಾಲು ಬರೀ ಮರಳು ಕಾಣುತ್ತದೆ. ಮರಳು ತೆಗೆದ ಗುಂಡಿಗಳ ಮೇಲೆ ಸಡಿಲ ಮರಳು ಕೂತಿರುತ್ತದೆ. ನೋಡಿದರೆ ಸಮ ಕಾಣುತ್ತದೆ, ಚಕ್ರ ಇಟ್ಟರೆ ಕುಸಿಯುತ್ತದೆ. ಮೇಲ್ಗಡೆ ಎಲ್ಲೋ ಗುಡುಗು ಮಳೆ ಬಿದ್ದರೆ ಇಲ್ಲಿ ಆಕಾಶ ತಿಳಿಯಾಗಿರುವಾಗಲೇ ಹಳ್ಳ ಬರುತ್ತದೆ. ಹಳ್ಳ ದಾಟಬಹುದು, ಆದರೆ ಹಳ್ಳದೊಳಗೆ ಗಾಡಿ ನಿಲ್ಲಿಸಿ ಊಟಕ್ಕೆ ಕೂರಬಾರದು.

ಕೆರೆಯ ಅಂಗಳದ ಬಗ್ಗೆಯೂ ಎಚ್ಚರ ಬೇಕು. ನೀರು ಹಿಂದೆ ಸರಿದ ಜಾಗದಲ್ಲಿ ಹೂಳು ಮೇಲೆ ಹೆಪ್ಪುಗಟ್ಟಿ, ಕೆಳಗೆ ಹುದುಲಾಗಿರುತ್ತದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ (ವಾಣಿವಿಲಾಸ ಸಾಗರದ) ಹಿನ್ನೀರು ನೋಡಿ. 1907ರಲ್ಲಿ ಮುಗಿದ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂದರೆ ಎಷ್ಟೋ ದಶಕ ಒಣಗಿದ್ದ ಅಂಚಿಗೆ ನೀರು ಬಂದು ಹೋಗಿದೆ. ಹಳೆಯ ಉಪಗ್ರಹ ಚಿತ್ರದಲ್ಲಿ ಕಾಣುವ ದಾರಿಯನ್ನು ಇಂಥ ಕಡೆ ನಂಬಲು ಬರುವುದಿಲ್ಲ.

ಟೈರಿನ ಗಾಳಿ

ಗಾಡಿಗೆ ಸಾವಿರಾರು ರೂಪಾಯಿ ಖರ್ಚು ಮಾಡುವ ಮುಂಚೆ ಒಂದು ಒಳ್ಳೆಯ ಗಾಳಿ ಮೀಟರ್, ಒಂದು ಸಣ್ಣ ಕಂಪ್ರೆಸರ್ ತಗೊಳ್ಳಿ. ಮರಳಿನಲ್ಲಿ ಗಾಡಿಯನ್ನು ಉಳಿಸುವುದು ಅವೇ.

ಲೆಕ್ಕ ಹೀಗಿದೆ. ಗಾಡಿಯ ತೂಕ 1,600 ಕೆ.ಜಿ. ಅಂತಿಟ್ಟುಕೊಳ್ಳಿ. ಒಂದು ಚಕ್ರದ ಮೇಲೆ 400 ಕೆ.ಜಿ. ಟೈರಿನಲ್ಲಿ 32 ಪಿಎಸ್‌ಐ (ಗಾಳಿ ಮೀಟರ್ ತೋರಿಸುವ ಒತ್ತಡದ ಅಳತೆ) ಗಾಳಿ ಇದ್ದರೆ, ಅದು ಒಂದು ಚದರ ಸೆಂ.ಮೀ.ಗೆ ಸುಮಾರು 2.25 ಕೆ.ಜಿ. ಒತ್ತಡ. 400 ಕೆ.ಜಿ. ಹೊರಲು ನೆಲದ ಮೇಲೆ ಸುಮಾರು 178 ಚದರ ಸೆಂ.ಮೀ. ಜಾಗ ಬೇಕು. ಬೆರಳು ಸೇರಿಸಿ ಒಂದು ಕೈ ಊರಿದಷ್ಟು. ಗಾಳಿಯನ್ನು 16ಕ್ಕೆ ಇಳಿಸಿದರೆ ಆ ಜಾಗ 355 ಚದರ ಸೆಂ.ಮೀ. ಆಗುತ್ತದೆ. ಅಂದರೆ ಎರಡು ಪಟ್ಟು. ಟೈರಿನ ಪಕ್ಕೆಯೂ ಸ್ವಲ್ಪ ಭಾರ ಹೊರುವುದರಿಂದ ಅಂಕಿ ಹಿಂದೆ ಮುಂದೆ ಆಗಬಹುದು, ಆದರೆ ವಿಚಾರ ಇಷ್ಟೇ. ಟೈರು ಅಗಲಕ್ಕಿಂತ ಉದ್ದಕ್ಕೆ ಜಾಸ್ತಿ ಹರಡಿಕೊಳ್ಳುತ್ತದೆ. ಹಿಟಾಚಿಯ ಚೈನಿನ ಹಾಗೆ ನೆಲದ ಮೇಲೆ ಉದ್ದಕ್ಕೆ ಕೂರುತ್ತದೆ. ಅದಕ್ಕೇ ಮರಳಿನಲ್ಲಿ ಮುಳುಗುವುದಿಲ್ಲ.

ಕಲ್ಲು, ಗರಸಿನ ದಾರಿಗೆ 22ರಿಂದ 25 ಪಿಎಸ್‌ಐ, ಸಡಿಲ ಮರಳಿಗೆ 15ರಿಂದ 18. ಹೊಸಬರು 15ಕ್ಕಿಂತ ಕೆಳಗೆ ಇಳಿಸಬೇಡಿ. ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯ ಇದೆ. ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಬೇಕು. ಡಾಂಬರಿಗೆ ಬಂದ ತಕ್ಷಣ ಗಾಳಿ ತುಂಬಿಕೊಳ್ಳಬೇಕು. ಕಡಿಮೆ ಗಾಳಿಯಲ್ಲಿ ಹೈವೇಯಲ್ಲಿ ಓಡಿದರೆ ಟೈರು ಬಿಸಿಯಾಗಿ ಒಡೆಯಬಹುದು.

ಇನ್ನು ನಮ್ಮ ಸೀಮೆಯ ದೊಡ್ಡ ಶತ್ರು ಬಳ್ಳಾರಿ ಜಾಲಿ. ಅದರ ಮುಳ್ಳು ಟೈರಿನ ಪಕ್ಕೆಗೆ ಹೊಕ್ಕರೆ ಪ್ಯಾಚ್ ನಿಲ್ಲುವುದಿಲ್ಲ. ಕಡಿದು ಹಾಕಿದ ಜಾಲಿಯ ಕೊಂಬೆಗಳ ಮೇಲೆ ಹೋಗಬೇಡಿ. ಇಳಿದು ಪಕ್ಕಕ್ಕೆ ಎಳೆದು ಹಾಕಿ. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಜೊತೆಗೆ ಪೂರ್ತಿ ಅಳತೆಯ ಸ್ಟೆಪ್ನಿ ಇರಲಿ. ಜಾಕ್ ಕೆಳಗೆ ಇಡಲು ಒಂದು ದಪ್ಪ ಹಲಗೆ ಮರೆಯಬೇಡಿ. ಸಡಿಲ ಮಣ್ಣಿನಲ್ಲಿ ಜಾಕ್ ಏರಿಸಿದರೆ ಗಾಡಿ ಮೇಲೇಳುವುದಿಲ್ಲ, ಜಾಕೇ ಕೆಳಗೆ ಹೋಗುತ್ತದೆ.

ಫೋರ್ ಬೈ ಫೋರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಎತ್ತಿನ ಬಂಡಿ ತಿರುಗುವುದನ್ನು ನೋಡಿದ್ದೀರಲ್ಲವಾ? ಹೊರಗಿನ ಚಕ್ರ ಜಾಸ್ತಿ ದೂರ ಉರುಳುತ್ತದೆ, ಒಳಗಿನದು ಕಡಿಮೆ. ಎರಡೂ ಅಚ್ಚಿನ ಮೇಲೆ ಬೇರೆ ಬೇರೆಯಾಗಿ ತಿರುಗುವುದರಿಂದ ತೊಂದರೆ ಇಲ್ಲ. ಜೀಪಿನಲ್ಲಿ ಎರಡೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗಬೇಕು, ಜೊತೆಗೆ ಬೇರೆ ಬೇರೆ ವೇಗದಲ್ಲಿ ತಿರುಗಲೂ ಬೇಕು. ಆ ಕೆಲಸ ಮಾಡುವುದು ಡಿಫರೆನ್ಷಿಯಲ್. ಆದರೆ ಅದಕ್ಕೊಂದು ದುರ್ಗುಣ ಇದೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದು ಸುಮ್ನೆ ಗಿರಗಿರ ತಿರುಗುತ್ತದೆ. ನೆಲ ಹಿಡಿದ ಚಕ್ರಕ್ಕೆ ಗಾಡಿ ತಳ್ಳುವಷ್ಟು ಬಲ ಸಿಗುವುದಿಲ್ಲ.

ಫೋರ್ ಬೈ ಫೋರ್ ಹಾಕಿದಾಗ ಮುಂದಿನ ಅಚ್ಚಿಗೂ ಶಕ್ತಿ ಹೋಗುತ್ತದೆ. ಆದರೂ ಮುಂದೆ ಒಂದು, ಹಿಂದೆ ಒಂದು ಚಕ್ರ ಹಿಡಿತ ತಪ್ಪಿದರೆ ಗಾಡಿ ನಿಲ್ಲುತ್ತದೆ. ಕೊರಕಲನ್ನು ಅಡ್ಡಾದಿಡ್ಡಿ ದಾಟುವಾಗ ಎದುರುಬದುರು ಮೂಲೆಯ ಎರಡು ಚಕ್ರ ಮೇಲೇಳುವುದು ಇದಕ್ಕೆ ಉದಾಹರಣೆ. ಗೂರ್ಖಾದಂಥ ಗಾಡಿಗಳಲ್ಲಿ ಮುಂದೆ, ಹಿಂದೆ ಎರಡೂ ಡಿಫರೆನ್ಷಿಯಲ್ ಲಾಕ್ ಮಾಡುವ, ಅಂದರೆ ಎರಡೂ ಪಕ್ಕದ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ, ಸೌಲಭ್ಯ ಇದೆ. ಜಿಮ್ನಿಯಲ್ಲಿ ತಿರುಗುವ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕೊಡುವ ವ್ಯವಸ್ಥೆ ಇದೆ. ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಪುಸ್ತಕ ತೆಗೆದು ಓದಿಕೊಳ್ಳಿ.

ಮುಂದಿನ, ಹಿಂದಿನ ಅಚ್ಚುಗಳನ್ನು ಒಟ್ಟಿಗೆ ಕಟ್ಟುವ ಥರದ ಫೋರ್ ಬೈ ಫೋರ್ ಅನ್ನು ಒಣ ಡಾಂಬರಿನ ಮೇಲೆ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಹೋಗುವ ದೂರ ಬೇರೆ ಬೇರೆ. ಸಡಿಲ ನೆಲದಲ್ಲಿ ಚಕ್ರ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ, ಆ ಜಗ್ಗಾಟವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಫೋರ್ ಬೈ ಫೋರ್‌ನಲ್ಲಿ ಸಾಮಾನ್ಯವಾಗಿ ಹೈ, ಲೋ ಅಂತ ಎರಡು ಹಂತ ಇರುತ್ತವೆ. ಫೋರ್ ಹೈ ಮರಳಿಗೆ, ಸಡಿಲ ದಾರಿಗೆ. ಫೋರ್ ಲೋ ಕಲ್ಲಿಗೆ, ಕಡಿದಾದ ಇಳಿಜಾರಿಗೆ. ಲೋ ಹಾಕಿದಾಗ ಚಕ್ರದ ಬಲ ಎರಡು, ಎರಡೂವರೆ ಪಟ್ಟು ಹೆಚ್ಚುತ್ತದೆ, ವೇಗ ಅಷ್ಟೇ ಕಡಿಮೆಯಾಗುತ್ತದೆ. ಇಳಿಜಾರಿನಲ್ಲಿ ಲೋ, ಮೊದಲನೇ ಗೇರು, ಕ್ಲಚ್ಚಿನ ಮೇಲೆ ಕಾಲು ಇಡಬೇಡಿ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಕಲ್ಲಿನ ದಾರಿಯಲ್ಲಿ ಸ್ಟೀರಿಂಗ್‌ನ ಕಡ್ಡಿಗಳಿಗೆ ಹೆಬ್ಬೆರಳು ಸುತ್ತಿಕೊಳ್ಳಬೇಡಿ. ಚಕ್ರ ಕಲ್ಲಿಗೆ ಹೊಡೆದರೆ ಸ್ಟೀರಿಂಗ್ ಜೋರಾಗಿ ತಿರುಗಿ ಬೆರಳು ಮುರಿಯಬಹುದು. ದೊಡ್ಡ ಕಲ್ಲನ್ನು ಗಾಡಿಯ ಹೊಟ್ಟೆಯ ಕೆಳಗೆ ಬಿಟ್ಟುಕೊಳ್ಳುವುದಕ್ಕಿಂತ ಚಕ್ರವನ್ನೇ ಅದರ ಮೇಲೆ ಹತ್ತಿಸುವುದು ಕ್ಷೇಮ. ಮುಂದೆ ಒಬ್ಬರು ನಡೆದು ಕೈಸನ್ನೆ ಮಾಡಲಿ. ಒಬ್ಬರೇ ಮಾಡಲಿ. ನಾಲ್ಕು ಜನ ನಾಲ್ಕು ದಿಕ್ಕಿಗೆ ಕೈ ತೋರಿಸಿದರೆ ಓಡಿಸುವವರು ಯಾರ ಮಾತು ಕೇಳಬೇಕು?

ಮರಳಿನಲ್ಲಿ ಒಂದೇ ಹದದಲ್ಲಿ ಹೋಗುತ್ತಿರಬೇಕು. ಗಕ್ಕನೆ ಬ್ರೇಕ್ ಬೇಡ, ಗಕ್ಕನೆ ತಿರುಗಿಸುವುದೂ ಬೇಡ. ಗಾಡಿ ಮುಂದೆ ಹೋಗುವುದು ನಿಂತ ಕ್ಷಣವೇ ಕಾಲು ತೆಗೆಯಿರಿ. ಇನ್ನೂ ಒತ್ತಿದರೆ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಬಂದ ಜಾಡಿನಲ್ಲೇ ಹಿಂದೆ ಬನ್ನಿ. ಅದಾಗಲೇ ಅಮುಕಿದ ಮರಳು, ಗಟ್ಟಿ ಇರುತ್ತದೆ.

ಹೂತುಕೊಂಡರೆ

ಮೊದಲು ಎಂಜಿನ್ ಆರಿಸಿ, ನೀರು ಕುಡಿಯಿರಿ. ಆಮೇಲೆ ಸಲಿಕೆ. ಚಕ್ರದ ಮುಂದಿನ ಮಣ್ಣಷ್ಟೇ ಅಲ್ಲ, ಗಾಡಿಯ ಹೊಟ್ಟೆ ನೆಲಕ್ಕೆ ಕೂತಿದ್ದರೆ ಅಲ್ಲಿಂದಲೂ ತೆಗೆಯಬೇಕು. ಚಕ್ರದ ಮುಂದೆ ಇಳಿಜಾರಾಗಿ ಕೆರೆದು, ಗೋಣಿಚೀಲವನ್ನೋ ಒಣ ತೆಂಗಿನ ಗರಿಯನ್ನೋ ಹಾಕಿ. ಗಾಳಿ ಇನ್ನೊಂದೆರಡು ಪಾಯಿಂಟ್ ಇಳಿಸಿ, ಆದರೆ 15ಕ್ಕಿಂತ ಕೆಳಗೆ ಬೇಡ. ಹತ್ತರಲ್ಲಿ ಆರೇಳು ಸಲ ಇಷ್ಟಕ್ಕೇ ಗಾಡಿ ಹೊರಗೆ ಬಂದಿದ್ದನ್ನು ನಾನು ನೋಡಿದ್ದೇನೆ.

ಎಳೆಯಬೇಕಾಗಿ ಬಂದರೆ ಮಾತ್ರ ತುಂಬಾ ಎಚ್ಚರ ಬೇಕು. ಜನಕ್ಕೆ ಪೆಟ್ಟಾಗುವುದು ಇಲ್ಲೇ. ಹಗ್ಗವನ್ನು ಗಾಡಿಯ ಚಾಸಿಗೆ ಬೋಲ್ಟ್ ಮಾಡಿದ ಎಳೆಯುವ ಕೊಂಡಿಗೇ ಹಾಕಬೇಕು. ಬಂಪರಿಗೆ, ಸಸ್ಪೆನ್ಷನ್ನಿಗೆ, ಟ್ರೈಲರ್ ಎಳೆಯುವ ಕಬ್ಬಿಣದ ಚೆಂಡಿಗೆ (ಟೋ ಬಾಲ್) ಕಟ್ಟಬಾರದು. ಅವು ಕಿತ್ತು ಬಂದರೆ ಗುಂಡಿನ ಹಾಗೆ ಹಾರುತ್ತವೆ. ಬಿಗಿಯಾದ ಹಗ್ಗದ ನಡುವೆ ಒದ್ದೆ ಕಂಬಳಿಯನ್ನೋ ದಪ್ಪ ಚೀಲವನ್ನೋ ಹಾಕಿ. ತುಂಡಾದರೆ ಅದು ಹಗ್ಗವನ್ನು ಕೆಳಗೆ ಬೀಳಿಸುತ್ತದೆ. ಓಡಿಸುವವರನ್ನು ಬಿಟ್ಟು ಉಳಿದವರೆಲ್ಲ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಬೇಕು. ಮೊಬೈಲ್ ಹಿಡಿದು ವಿಡಿಯೊ ಮಾಡುವವರೂ ಅಷ್ಟೇ.

ನಮ್ಮ ಕಡೆ ಸಹಾಯಕ್ಕೆ ಬರುವುದು ಟ್ರಾಕ್ಟರ್. ಸರಪಳಿಯನ್ನು ಟ್ರಾಕ್ಟರಿನ ಹಿಂದೆ ಕೆಳಗಿರುವ ಡ್ರಾಬಾರಿಗೇ ಹಾಕಬೇಕು. ಅಚ್ಚಿಗಿಂತ ಮೇಲೆ ಎಲ್ಲಾದರೂ ಕಟ್ಟಿ ಎಳೆದರೆ ಟ್ರಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ, ಕೂತವರ ಮೇಲೆಯೇ ಬೀಳುತ್ತದೆ. ಸರಪಳಿ ಹಾಕಿದಾಗ ಜಗ್ಗಿ ಎಳೆಯುವುದು ಬೇಡ. ನಿಧಾನವಾಗಿ ಬಿಗಿಯಾಗಲಿ, ಆಮೇಲೆ ಒಂದೇ ಸಮ ಎಳೆಯಲಿ. ಸಹಾಯ ಮಾಡಲು ಬಂದ ರೈತರಿಗೆ ಇದನ್ನು ಮರ್ಯಾದೆಯಿಂದ ಹೇಳಿ. "ಯಜಮಾನ್ರೇ, ಕೆಳಗಡೆನೇ ಹಾಕೋಣ, ನಿಮ್ಗೂ ಒಳ್ಳೇದು" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಡೀಸೆಲ್‌ನ ದುಡ್ಡು, ಅವರು ಕೆಲಸ ಬಿಟ್ಟು ಬಂದ ಹೊತ್ತಿನ ದುಡ್ಡು ಕೊಡಿ. ಚೌಕಾಸಿ ಮಾಡಬೇಡಿ. ಹೊಲದ ಬದು ಮುರಿದಿದ್ದರೆ, ಹನಿ ನೀರಾವರಿಯ ಪೈಪು ಒಡೆದಿದ್ದರೆ ಹೇಳದೆ ಬರಬೇಡಿ.

ಒಂದು ಗಾಡಿಯಲ್ಲಿ ಹೋಗುವುದಕ್ಕಿಂತ ಎರಡು ಗಾಡಿ ಎಷ್ಟೋ ಮೇಲು. ಮೊದಲ ಸಲವಾದರೆ ಇದರಲ್ಲಿ ರಾಜಿಯೇ ಬೇಡ.

ನೀರು, ಎಣ್ಣೆ, ಬೆಂಕಿ

ತಲೆಗೆ ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುವ ನೀರು. ಒಂದು ದಿನಕ್ಕೆ ಹೋಗುವುದಾದರೂ ಎರಡು ದಿನದ ನೀರು ಇರಲಿ. ಇಂಧನಕ್ಕೆ ಮೂರು ಪಾಲಿನ ಲೆಕ್ಕ: ಹೋಗಲು ಒಂದು, ಬರಲು ಒಂದು, ಆಪತ್ತಿಗೆ ಒಂದು. ಹೈವೇಯಲ್ಲಿ ಲೀಟರಿಗೆ 12 ಕಿ.ಮೀ. ಕೊಡುವ ಗಾಡಿ ಮರಳಿನಲ್ಲಿ, ಲೋ ಗೇರಿನಲ್ಲಿ ಅದರ ಅರ್ಧವೂ ಕೊಡದೆ ಇರಬಹುದು.

ಬೆಂಕಿಯ ಬಗ್ಗೆ ಯಾರೂ ಮಾತಾಡುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಜನವರಿಯಿಂದ ಕಾವಲಿನ ಹುಲ್ಲು ಪೂರ್ತಿ ಒಣಗಿರುತ್ತದೆ. ಗಾಡಿಯ ಹೊಗೆ ಕೊಳವೆ, ಅದರಲ್ಲೂ ಬಿಎಸ್ 6 ಡೀಸೆಲ್ ಗಾಡಿಯ ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವ ಹೊತ್ತಿನಲ್ಲಿ, ಹುಲ್ಲಿಗೆ ಬೆಂಕಿ ಹೊತ್ತಿಸುವಷ್ಟು ಬಿಸಿಯಾಗಿರುತ್ತದೆ. ಎತ್ತರದ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಬರಿ ನೆಲ ಹುಡುಕಿ ನಿಲ್ಲಿಸಿ. ಕೆಳಗೆ ಸಿಕ್ಕಿಕೊಂಡ ಹುಲ್ಲನ್ನು ಆಗಾಗ ಬಗ್ಗಿ ನೋಡಿ ತೆಗೆಯಿರಿ. ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಒಂದು ಕೈಗೆ ಸಿಗುವ ಜಾಗದಲ್ಲಿ ಇರಲಿ. ಒಂದು ಕಾವಲು ಸುಟ್ಟರೆ ಆ ವರ್ಷ ಎಷ್ಟು ದನಗಳಿಗೆ ಮೇವಿಲ್ಲ ಅಂತ ಯೋಚಿಸಿ.

ನೀವೆಲ್ಲಿದ್ದೀರಿ ಅಂತ ಯಾರಿಗೆ ಗೊತ್ತು?

ಗುಡ್ಡಗಳ ಸಂದಿನಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ. ಆದರೆ ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ಅದಕ್ಕೇ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಬೇಕು. ಕರೆ ಹೋಗದ ಕಡೆ ಎಸ್‌ಎಂಎಸ್ ಹೋಗುವುದುಂಟು. ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 108.

ಹೊರದೇಶದವರ ವಿಡಿಯೊ ನೋಡಿ ಸ್ಯಾಟಲೈಟ್ ಫೋನ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ತರಿಸಿಕೊಳ್ಳಲು ಹೋಗಬೇಡಿ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ. ಎರಡು ಗಾಡಿಗಳ ನಡುವೆ ಮಾತಾಡಲು 446.0ರಿಂದ 446.2 ಮೆಗಾಹರ್ಟ್ಜ್ ಪಟ್ಟಿಯ ಕಡಿಮೆ ಶಕ್ತಿಯ ವಾಕಿಟಾಕಿಗೆ ಲೈಸೆನ್ಸ್ ಬೇಡ. ಕೊಳ್ಳುವಾಗ ಅದೇ ಪಟ್ಟಿಯದ್ದೇ, ಒಪ್ಪಿಗೆ ಪಡೆದದ್ದೇ ಅಂತ ನೋಡಿಕೊಳ್ಳಿ.

ಇದೆಲ್ಲಕ್ಕಿಂತ ನಂಬಿಕೆಯದ್ದು ಮನೆಯಲ್ಲಿ ಬಿಟ್ಟು ಬರುವ ಒಂದು ಚೀಟಿ. ಯಾವ ಊರಿನ ಹತ್ತಿರ ಡಾಂಬರು ಬಿಡುತ್ತೇವೆ, ಎಲ್ಲಿ ಮತ್ತೆ ಡಾಂಬರು ಸೇರುತ್ತೇವೆ, ಗಾಡಿಗಳ ನಂಬರ್, ಯಾರ್‍ಯಾರು ಇದ್ದೇವೆ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು. ದಾರಿ ಬದಲಿಸಿದರೆ ಸಿಗ್ನಲ್ ಸಿಕ್ಕ ಕಡೆ ನಿಂತು ತಿಳಿಸಬೇಕು. ಗಾಡಿ ಕೆಟ್ಟು ನಿಂತರೆ, ಹತ್ತಿರದಲ್ಲಿ ಊರು ಕಣ್ಣಿಗೆ ಕಾಣದಿದ್ದರೆ, ಗಾಡಿ ಬಿಟ್ಟು ನಡೆಯಬೇಡಿ. ಹುಡುಕಿಕೊಂಡು ಬರುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ. ಗಾಡಿಯ ನೆರಳೂ ನಿಮಗೆ ಬೇಕು.

ಜೈಸಲ್ಮೇರ್‌ಗೆ ಹೋದಾಗ ಏನು ಬೇರೆ?

ಅಲ್ಲಿ ಮರಳಿನ ದಿಬ್ಬಗಳಿವೆ. ಊರಿನಿಂದ ಸುಮಾರು 40 ಕಿ.ಮೀ. ದೂರದ ಸಮ್ ಕಡೆ ಹೋದರೆ ಕಾಣುತ್ತವೆ. ಗಾಳಿ ಬೀಸುವ ಕಡೆಯ ಮೈ ಅಮುಕಿಕೊಂಡು ಗಟ್ಟಿಯಾಗಿರುತ್ತದೆ. ಆಚೆ ಮೈಯಲ್ಲಿ ಮರಳು ಸಡಿಲವಾಗಿ, 30 ಡಿಗ್ರಿ ದಾಟಿದ ಇಳಿಜಾರಿನಲ್ಲಿ ಬಿದ್ದಿರುತ್ತದೆ. ಹತ್ತುವುದೂ ನೇರ, ಇಳಿಯುವುದೂ ನೇರ. ಅಡ್ಡಡ್ಡ ಹೋದರೆ ಗಾಡಿ ಉರುಳುತ್ತದೆ. ಜಾರಲು ಶುರುವಾದರೆ ಸ್ಟೀರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಬೇಕು. ತುದಿಯ ಆಚೆ ಏನಿದೆ ಎಂದು ನಡೆದು ನೋಡದೆ ದಾಟಬಾರದು. ಬೆಳಗಿನ ತಂಪಿನಲ್ಲಿ ಗಟ್ಟಿ ಇದ್ದ ಮರಳು ಮಧ್ಯಾಹ್ನಕ್ಕೆ ಸಡಿಲವಾಗುತ್ತದೆ. ಅಲ್ಲಿಯೂ ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ, ಗಡಿಯ ಹತ್ತಿರ ನಿರ್ಬಂಧಗಳಿವೆ. ಅಲ್ಲಿನ ದಾರಿ ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ಗುಜರಾತಿನ ಉಪ್ಪಿನ ಬಯಲು, ಕಚ್ಛ್‌ನ ರಣ್ ನೋಡುವ ಆಸೆ ಇದ್ದರೆ ನಮ್ಮ ಕೆರೆಯ ಹೂಳನ್ನು ನೆನಪಿಟ್ಟುಕೊಳ್ಳಿ. ಮೇಲೆ ಉಪ್ಪಿನ ಹೆಪ್ಪು, ಕೆಳಗೆ ಕೆಸರು.

ಗೆಳೆಯನ ಜೊತೆ ಮೊದಲ ದಿನ ಹೀಗೆ ಅಂತ ಮಾತಾಗಿದೆ. ಜನವರಿಯ ಒಂದು ಭಾನುವಾರ. ಹಿಂದಿನ ಒಂದು ವಾರ ಮಳೆ ಬಿದ್ದಿರಬಾರದು. ಎರಡು ಗಾಡಿ. ಡಾಂಬರು ಬಿಟ್ಟು ಹದಿನೈದು ಕಿಲೋಮೀಟರ್ ಮಾತ್ರ, ಎಲ್ಲಾ ಮಸಾರಿ ಮತ್ತು ಗರಸಿನ ಬಂಡಿದಾರಿ, ನಡುವೆ ಒಂದು ಸಣ್ಣ ಹಳ್ಳ. ಹಳ್ಳದ ದಂಡೆಯಲ್ಲಿ ಇಳಿದು ನಡೆಯುತ್ತೇವೆ. ಚಪ್ಪಲಿ ಬೇಡ ಅಂದರೆ ಅಲ್ಲಿಂದಲೇ ವಾಪಸ್. ಮಧ್ಯಾಹ್ನ ಎರಡು ಗಂಟೆಗೆ ಎಲ್ಲೇ ಇದ್ದರೂ ತಿರುಗುವುದು. ಡಾಂಬರು ಸಿಕ್ಕ ಮೇಲೆ ಟೈರಿಗೆ ಗಾಳಿ ತುಂಬಿ, ಮುಳ್ಳು ಚುಚ್ಚಿದೆಯಾ ನೋಡಿ, ಮನೆಗೆ ಫೋನ್ ಮಾಡುತ್ತೇವೆ. ಆರು ಗಂಟೆಯೊಳಗೆ ನಮ್ಮ ಫೋನ್ ಬರದಿದ್ದರೆ ಅವನ ಹೆಂಡತಿ ಚೀಟಿ ಕೈಯಲ್ಲಿ ಹಿಡಿದು 112ಕ್ಕೆ ಫೋನ್ ಮಾಡುತ್ತಾರೆ.